ದಂಡಿನ ಜಾಡಿಯಲ್ಲಿ ನೀಲಿ ದ್ರಾಕ್ಷಿ

ಬೆಂಗಳೂರು ನೀಲಿ ದ್ರಾಕ್ಷಿಯನ್ನು ಎರಡು ಬೆರಳ ನಡುವೆ ಒತ್ತಿದರೆ ಸಿಪ್ಪೆ ಕೈಯಲ್ಲೇ ಉಳಿದು ತಿರುಳು ಇಡಿಯಾಗಿ ಬಾಯಿಗೆ ಜಾರುತ್ತದೆ. ಬೀಜ ಜಾಸ್ತಿ, ಹುಳಿಯೂ ಜಾಸ್ತಿ. ಆದರೆ ಅದರ ಘಮ ಶಿವಾಜಿನಗರದ ರಸೆಲ್ ಮಾರುಕಟ್ಟೆಯಲ್ಲಿ ನಾಲ್ಕು ಅಂಗಡಿ ಆಚೆಯಿಂದಲೇ ಮೂಗಿಗೆ ತಾಗುತ್ತದೆ. ಫ್ರೇಜರ್ ಟೌನ್, ಕಾಕ್ಸ್ ಟೌನ್, ಹಲಸೂರು ಕಡೆಯ ಎಷ್ಟೋ ಕ್ರೈಸ್ತ ಮನೆಗಳಲ್ಲಿ ಕ್ರಿಸ್‌ಮಸ್ ವೈನ್ ಎಂದರೆ ಇಂದಿಗೂ ಈ ಹಣ್ಣಿನದೇ.

ಇದು ಈ ಮಣ್ಣಿನಲ್ಲಿ ಹುಟ್ಟಿದ ಹಣ್ಣಲ್ಲ. ಮೂಲ ಅಮೆರಿಕ, ತಳಿಯ ಹೆಸರು ಇಸಬೆಲ್ಲಾ. ಅಲ್ಲಿನ ಕಾಡು ದ್ರಾಕ್ಷಿಗೂ ಯುರೋಪಿನ ದ್ರಾಕ್ಷಿಗೂ ಬೆರಕೆಯಾಗಿ ಹುಟ್ಟಿದ ಇದನ್ನು ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ನ್ಯೂಯಾರ್ಕ್ ಬಳಿಯ ಸಸಿ ವ್ಯಾಪಾರಿ ವಿಲಿಯಂ ಪ್ರಿನ್ಸ್ ಪ್ರಚಾರಕ್ಕೆ ತಂದ. 1809ರ ಹೊತ್ತಿಗೆ ಹಲಸೂರಿನ ಸುತ್ತ ಬ್ರಿಟಿಷರ ದಂಡು ನೆಲೆಯೂರಿತ್ತು. ಸೀಮೆಯ ಹಣ್ಣು ತರಕಾರಿಗಳಿಗೆಲ್ಲ ಅಲ್ಲೊಂದು ಸಿದ್ಧ ಪೇಟೆಯೂ ಹುಟ್ಟಿಕೊಂಡಿತು. ದೇವನಹಳ್ಳಿ, ಚಿಕ್ಕಬಳ್ಳಾಪುರ, ಹೊಸಕೋಟೆ ಕಡೆಯ ರೈತರು ಕಲ್ಲುಕಂಬ ನೆಟ್ಟು, ತಂತಿ ಎಳೆದು, ಚಪ್ಪರದ ಮೇಲೆ ಈ ಬಳ್ಳಿ ಹಬ್ಬಿಸಿ ಸುಮಾರು ನೂರೈವತ್ತು ವರ್ಷಗಳೇ ಆದವು. ತಣ್ಣನೆಯ ದೇಶಗಳಲ್ಲಿ ಚಳಿಗಾಲಕ್ಕೆ ಎಲೆಯುದುರಿಸಿ ಮಲಗುವ ಬಳ್ಳಿಗೆ ಇಲ್ಲಿ ನಿದ್ದೆಯೇ ಇಲ್ಲ. ಎರಡು ಸಲ ಸವರಿದರೆ ವರ್ಷಕ್ಕೆ ಎರಡು ಫಸಲು. ಹೊಸಕೋಟೆ ಕಡೆಯಿಂದ ಪೇಟೆಗೆ ಬರುವ ಹಣ್ಣಿಗೆ ಹಳೇ ಮದ್ರಾಸ್ ರಸ್ತೆಯಲ್ಲಿ, ಕೆ.ಆರ್. ಪುರದ ಮೇಲೆ ನೇರ ದಾರಿ.

ಮನೆಯ ವೈನಿಗೆ ಹಣ್ಣನ್ನು ತೊಳೆದು, ನೀರಿನ ಪಸೆ ಆರುವ ತನಕ ಬಟ್ಟೆಯ ಮೇಲೆ ಹರವುತ್ತಾರೆ. ಆಮೇಲೆ ಪಿಂಗಾಣಿ ಜಾಡಿಗೆ ಹಾಕಿ ಕೈಯಲ್ಲೇ ಕಿವುಚಬೇಕು. ಮಿಕ್ಸಿಗೆ ಹಾಕಿದರೆ ಬೀಜ ಒಡೆದು ಕಹಿ ಬಿಡುತ್ತದೆ ಎಂಬುದು ದಂಡಿನ ಅಜ್ಜಿಯರ ಕಟ್ಟಪ್ಪಣೆ. ಸಕ್ಕರೆ, ಕುದಿಸಿ ಆರಿಸಿದ ನೀರು, ಚೂರು ಯೀಸ್ಟು, ಹಿಡಿ ಗೋಧಿ, ಚಕ್ಕೆ, ಲವಂಗ ಬೀಳುತ್ತವೆ. ಬಾಯಿಗೆ ಬಟ್ಟೆ ಕಟ್ಟಿ ಕತ್ತಲ ಮೂಲೆಯಲ್ಲಿಟ್ಟು ದಿನಾ ಮರದ ಸೌಟಿನಲ್ಲಿ ತಿರುವಬೇಕು. ಮೊದಲ ವಾರ ಸಿಪ್ಪೆಯೆಲ್ಲ ಮೇಲೆದ್ದು ಬುಸುಗುಡುತ್ತದೆ. ಅದನ್ನು ಒಳಕ್ಕೆ ಒತ್ತದಿದ್ದರೆ ಮೇಲ್ಪದರಕ್ಕೆ ಬೂಷ್ಟು ಕಟ್ಟೀತು, ಬಣ್ಣವೂ ಪೂರಾ ಇಳಿಯದು. ಇಪ್ಪತ್ತೊಂದು ದಿನಕ್ಕೆ ತೆಳುಬಟ್ಟೆಯಲ್ಲಿ ಸೋಸಿ, ಬಣ್ಣ ಸಾಲದಿದ್ದರೆ ಸುಟ್ಟ ಸಕ್ಕರೆ ಬೆರೆಸಿ, ತಿಳಿಯಾಗಲು ಬಿಡುತ್ತಾರೆ. ಪ್ಲಮ್ ಕೇಕಿನ ಜೊತೆ ಪುಟ್ಟ ಗ್ಲಾಸಿನಲ್ಲಿ ಕೊಡುವ ಆ ಸಿಹಿ, ಗಾಢ ವೈನಿಗೆ ಸರಿಸಾಟಿಯಾದದ್ದು ನಗರದ ದುಬಾರಿ ಅಂಗಡಿಗಳಲ್ಲೂ ನನಗೆ ಸಿಕ್ಕಿಲ್ಲ.

ವೈನ್ ಬಲ್ಲವರು ಮಾತ್ರ ಈ ಘಮಕ್ಕೆ ಮೂಗು ಮುರಿಯುತ್ತಾರೆ. ಅಮೆರಿಕದ ಬಳ್ಳಿಗಳ ವಂಶವಾಹಿಯಲ್ಲೇ ಬಂದ, ಕಸ್ತೂರಿಯಂಥ ಕಾಡುಗಮಲು ಇದು. ಮೀಥೈಲ್ ಆಂತ್ರನಿಲೇಟ್, ಫ್ಯೂರನಿಯಾಲ್ ಮುಂತಾದವು ಇಂಥ ಘಮದ ಹಿಂದಿವೆ. ಫ್ಯೂರನಿಯಾಲ್ ಸ್ಟ್ರಾಬೆರಿ ಹಣ್ಣಿನಲ್ಲೂ ಇದೆ. ಫ್ರಾನ್ಸ್ 1934ರ ಕಾನೂನಿನಲ್ಲಿ ನಿಷೇಧಿಸಿದ ಆರು ತಳಿಗಳಲ್ಲಿ ಇಸಬೆಲ್ಲಾ ಕೂಡ ಒಂದು. ಅದೇ ಫ್ರಾನ್ಸಿನ ದಕ್ಷಿಣದಲ್ಲಿ, ಸ್ಪೇನಿನಲ್ಲಿ ಬೆಳೆಯುವ ಗ್ರೆನಾಶ್ ದ್ರಾಕ್ಷಿಯ ಕೆಂಪು ವೈನನ್ನು ಹೊಗಳುವಾಗ ಮೊದಲು ಬರುವ ಮಾತೂ ಸ್ಟ್ರಾಬೆರಿಯದೇ. ತೆಳು ಸಿಪ್ಪೆ, ತಿಳಿ ಬಣ್ಣ, ಕಡಿಮೆ ಒಗರು, ಬಿಳಿ ಮೆಣಸಿನ ಸುಳಿವು, ಬಿಸಿಲುಂಡ ಹಣ್ಣಿನಿಂದಾಗಿ ಹದಿನಾಲ್ಕು ಹದಿನೈದು ಪರ್ಸೆಂಟು ಮದ್ಯಸಾರ. ಮುದಿ ಬಳ್ಳಿ ಗೊಂಚಲು ಬಿಡುವುದು ಕಡಿಮೆ, ಬಿಟ್ಟಷ್ಟರಲ್ಲಿ ರುಚಿ ದಟ್ಟ. ಆಸ್ಟ್ರೇಲಿಯಾದ ಬರೋಸಾದಲ್ಲಿ 1848ರಲ್ಲಿ ನೆಟ್ಟವೆನ್ನುವ ಗ್ರೆನಾಶ್ ಬಳ್ಳಿಗಳು ಇನ್ನೂ ಹಣ್ಣು ಕೊಡುತ್ತಿವೆ. ಅಲ್ಲಿನವರು 2009ರಲ್ಲಿ ಬಳ್ಳಿಗಳನ್ನು ವಯಸ್ಸಿನ ಪ್ರಕಾರ ವಿಂಗಡಿಸಿದರು. ಮೂವತ್ತೈದು ದಾಟಿದರೆ ಹಳೆಯದು, ನೂರಿಪ್ಪತ್ತೈದು ದಾಟಿದರೆ ಪೂರ್ವಜರ ಸಾಲಿಗೆ.

ನಮ್ಮಲ್ಲಿ ಆದದ್ದು ಬೇರೆ. 1988ರಲ್ಲಿ ಕನ್ವಲ್ ಗ್ರೋವರ್ ನಂದಿಬೆಟ್ಟದ ತಪ್ಪಲಲ್ಲಿ ಗ್ರೋವರ್ ವೈನ್ಯಾರ್ಡ್ಸ್ ಕಟ್ಟಿದಾಗ ನೆಟ್ಟದ್ದು ಫ್ರೆಂಚ್ ತಳಿಗಳನ್ನು. ಮುಂದೆ ಬೋರ್ಡೋದ ಮಿಶೆಲ್ ರೋಲಾನ್ ಸಲಹೆಗಾರರಾಗಿ ಬಂದರು, ಹೊರದೇಶಗಳಲ್ಲೂ ಹೆಸರಾಯಿತು. ಅದು ದೊಡ್ಡ ಸಾಧನೆ, ಎರಡು ಮಾತಿಲ್ಲ. 2007ರಲ್ಲಿ ರಾಜ್ಯ ಸರ್ಕಾರ ವೈನ್ ನೀತಿ ತಂದ ಮೇಲೆ ಕಾರ್ಖಾನೆಗಳೂ ಹೆಚ್ಚಿದವು. ನೀಲಿ ದ್ರಾಕ್ಷಿಗೆ ಸಿಕ್ಕಿದ್ದು ಮಾತ್ರ ಜ್ಯೂಸು ಮತ್ತು ಅಗ್ಗದ ಸಿಹಿ ಪೋರ್ಟ್ ವೈನಿನ ಪಾತ್ರ. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆಯಿತು, ಸುತ್ತಲಿನ ಹೊಲಗಳಿಗೆ ಸೈಟಿನ ಬೆಲೆ ಬಂತು. ಕಲ್ಲುಕಂಬ ಕಿತ್ತರೆ ಬಳ್ಳಿಯ ಕಥೆ ಮುಗಿದಂತೆ. 2013ರಲ್ಲಿ ಬೆಂಗಳೂರು ನೀಲಿ ದ್ರಾಕ್ಷಿಗೆ ಭೌಗೋಳಿಕ ಸೂಚಕದ ಮಾನ್ಯತೆಯೇನೋ ದೊರೆಯಿತು. ಆ ಮಾನ್ಯತೆಗೆ ಚಪ್ಪರ ಕಾಯುವ ಶಕ್ತಿ ಇಲ್ಲ.

ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಈ ಹಣ್ಣಿನ ಗುಣವನ್ನು ಬಹಳ ಹಿಂದೆಯೇ ಗುರುತಿಸಿದ್ದರು. ಇದನ್ನೇ ಒಂದು ಪೋಷಕವಾಗಿ ಇಟ್ಟುಕೊಂಡು ಅರ್ಕಾ ಶ್ಯಾಮ್, ಅರ್ಕಾ ತೃಷ್ಣಾ ಎಂಬ ವೈನಿಗೂ ಹೊಂದುವ ತಳಿಗಳನ್ನು ರೂಪಿಸಿದರು. ಆಸ್ಟ್ರಿಯಾದ ದಕ್ಷಿಣ ಬುರ್ಗೆನ್‌ಲ್ಯಾಂಡ್‌ನವರು ಇದೇ ಇಸಬೆಲ್ಲಾದಂಥ ಹಣ್ಣುಗಳಿಂದ ಊಹುಡ್ಲರ್ ಎಂಬ ವೈನ್ ಮಾಡಿ, ನಿಷೇಧದ ಕಾಲವನ್ನೂ ದಾಟಿ ತಮ್ಮೂರ ಹೆಮ್ಮೆಯಾಗಿಸಿಕೊಂಡಿದ್ದಾರೆ. ನಮ್ಮ ಕಾರ್ಖಾನೆಯೊಂದು ಹಳೆಯ ಚಪ್ಪರದ ಹಣ್ಣನ್ನೇ ಆರಿಸಿ, ಸಕ್ಕರೆ ಸುರಿಯದೆ, ಘಮ ಮುಚ್ಚಿಡದೆ, ಹಗುರಾದ ಕೆಂಪು ವೈನ್ ಮಾಡಿ ಬಾಟಲಿಯ ಮೇಲೆ ಊರಿನ ಹೆಸರನ್ನೂ ಬಳ್ಳಿಯ ವಯಸ್ಸನ್ನೂ ಅಚ್ಚು ಹಾಕಲಿ. ತೋಟಗಾರಿಕೆ ಇಲಾಖೆ ದೇವನಹಳ್ಳಿಯಿಂದಲೇ ಶುರು ಮಾಡಿ, ಮೂವತ್ತು ದಾಟಿದ ಬಳ್ಳಿಗಳು ಎಲ್ಲೆಲ್ಲಿ ಉಳಿದಿವೆ ಎಂದು ಲೆಕ್ಕ ಹಾಕಲಿ. ಅಂಥ ಬಳ್ಳಿಯ ಹಣ್ಣಿಗೆ ಕಿಲೋಗೆ ನಾಲ್ಕು ಕಾಸು ಹೆಚ್ಚು ಸಿಕ್ಕರೆ ಕಂಬ ಕೀಳುವ ಮುನ್ನ ರೈತ ಇನ್ನೊಮ್ಮೆ ಯೋಚಿಸುತ್ತಾನೆ.