ಪ್ರೋಟೀನು ಎಷ್ಟು ತಿರುಗಬಲ್ಲದು?

ಚರ್ಮ, ಮೂಳೆ, ಸ್ನಾಯುರಜ್ಜುಗಳಿಗೆ ಬಿಗಿ ಕೊಡುವ ಕೊಲಾಜನ್, ನಮ್ಮ ಮೈಯಲ್ಲಿ ಎಲ್ಲಕ್ಕಿಂತ ಹೆಚ್ಚಾಗಿರುವ ಪ್ರೋಟೀನು. ಅದರ ರಚನೆಯ ಮಾದರಿಯೊಂದನ್ನು 1954ರಲ್ಲಿ ಮದ್ರಾಸು ವಿಶ್ವವಿದ್ಯಾಲಯದ ಜಿ. ಎನ್. ರಾಮಚಂದ್ರನ್ ಮತ್ತು ಗೋಪಿನಾಥ್ ಕರ್ತಾ 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಕಾಂಗರೂ ಬಾಲದ ಸ್ನಾಯುರಜ್ಜುವಿನ ಕ್ಷ-ಕಿರಣ ಚಿತ್ರಗಳನ್ನು ಅವರು ಅಭ್ಯಾಸ ಮಾಡಿದ್ದರು. ಮರುವರ್ಷ ತಿದ್ದಿದ ಮಾದರಿಯಲ್ಲಿ ಮೂರು ಸರಪಳಿಗಳು ಮೂರೆಳೆಯ ಹುರಿಯಂತೆ ಹೊಸೆದುಕೊಂಡಿದ್ದವು. ವಿಜ್ಞಾನಿಗಳಾದ ಫ್ರಾನ್ಸಿಸ್ ಕ್ರಿಕ್ ಮತ್ತು ಅಲೆಕ್ಸಾಂಡರ್ ರಿಚ್ ಮೂರೆಳೆಯನ್ನು ಒಪ್ಪಿದರು. ಆದರೆ ಕೆಲವು ಪರಮಾಣುಗಳು ತೀರಾ ಹತ್ತಿರ ಬಂದಿವೆ ಎಂದು ತಕರಾರು ತೆಗೆದರು.

ಎಷ್ಟು ಹತ್ತಿರವಾದರೆ ತೀರಾ ಹತ್ತಿರ? ರಾಮಚಂದ್ರನ್ ಈ ಪ್ರಶ್ನೆಯ ಬೆನ್ನು ಹತ್ತಿದರು.

ಪ್ರೋಟೀನಿನ ಸರಪಳಿಯ ಕೊಂಡಿಯಾದ ಅಮೈನೋ ಆಮ್ಲದ ನಡುವೆ ಒಂದು ಇಂಗಾಲದ ಪರಮಾಣು ಇರುತ್ತದೆ. ಅದರ ಒಂದು ಬದಿಗೆ ಸಾರಜನಕವಿರುವ ಅಮೈನೋ ಗುಂಪು, ಇನ್ನೊಂದು ಬದಿಗೆ ಆಮ್ಲದ ಗುಂಪು, ಮೂರನೆಯದಾಗಿ ಜಲಜನಕ. ನಾಲ್ಕನೆಯ ಕೈಗೆ ಅಂಟಿಕೊಂಡ ಪಾರ್ಶ್ವ ಸರಪಳಿಯಿಂದಲೇ ಪ್ರೋಟೀನುಗಳ 20 ಅಮೈನೋ ಆಮ್ಲಗಳಿಗೆ ಬೇರೆ ಬೇರೆ ಗುಣ. ಒಂದರ ಆಮ್ಲದ ಗುಂಪು ಮುಂದಿನದರ ಅಮೈನೋ ಗುಂಪನ್ನು ಹಿಡಿದಾಗ ನೀರಿನ ಒಂದು ಅಣು ಹೊರಬೀಳುತ್ತದೆ, ಪೆಪ್ಟೈಡ್ ಬಂಧ ಏರ್ಪಡುತ್ತದೆ. ಹೀಗೆ ನೂರಾರು ಕೂಡಿದರೆ ಪ್ರೋಟೀನಿನ ಸರಪಳಿ.

ಪೆಪ್ಟೈಡ್ ಬಂಧ ಚಪ್ಪಟೆ, ಸುಲಭಕ್ಕೆ ತಿರುಚಲಾಗದು. ಸರಪಳಿಯ ಬೆನ್ನು ತಿರುಗುವುದೆಲ್ಲ ನಡುವಿನ ಇಂಗಾಲದ ಆಚೀಚೆಯ ಎರಡು ಬಂಧಗಳಲ್ಲಿ. ಆ ಎರಡು ಕೋನಗಳ ಹೆಸರು ಫೈ ಮತ್ತು ಸೈ. ಸಿ. ರಾಮಕೃಷ್ಣನ್ ಮತ್ತು ವಿ. ಶಶಿಶೇಖರನ್ ಜೊತೆ ಸೇರಿ ರಾಮಚಂದ್ರನ್ ಒಂದೊಂದು ಕೋನಜೋಡಿಗೂ ಪರಮಾಣುಗಳ ನಡುವಿನ ಅಂತರ ಲೆಕ್ಕ ಹಾಕಿದರು. ಎಷ್ಟು ಅಂತರ ಸಾಕು ಎಂಬುದನ್ನು ಸಣ್ಣ ಅಣುಗಳ ಹರಳುಗಳಿಂದ ತಿಳಿದುಕೊಂಡಿದ್ದರು. 1963ರಲ್ಲಿ ಬಂದ, ಆ ಎರಡು ಕೋನಗಳನ್ನು ಎರಡು ಅಕ್ಷಗಳಾಗಿಟ್ಟ ಅವರ ನಕ್ಷೆಯ ಬಹುಪಾಲು ನಿಷಿದ್ಧ ಪ್ರದೇಶ: ಅಲ್ಲಿ ಪರಮಾಣುಗಳು ಒಂದಕ್ಕೊಂದು ಢಿಕ್ಕಿ ಹೊಡೆಯುತ್ತವೆ. ಉಳಿದ ಚಿಕ್ಕ ದ್ವೀಪಗಳಲ್ಲೇ ಲೈನಸ್ ಪಾಲಿಂಗ್ ತಂಡ ಪ್ರೋಟೀನು ಸರಪಳಿಯ ಆಕಾರವೆಂದು 1951ರಲ್ಲಿ ಹೇಳಿದ್ದ ಆಲ್ಫಾ ಸುರುಳಿ ಇತ್ತು, ಬೀಟಾ ಹಾಳೆಯೂ ಇತ್ತು. ಬರಿಯ ಅಂತರದ ಲೆಕ್ಕದಿಂದ ಜೀವದ ಆಕಾರಗಳು ಮೂಡಿಬಂದ ಇದನ್ನು 20ನೇ ಶತಮಾನದ ವಿಜ್ಞಾನದ ಅತ್ಯಂತ ಸುಂದರ ಕೆಲಸಗಳ ಸಾಲಿಗೆ ನಾನು ಸೇರಿಸುತ್ತೇನೆ.

ಗ್ಲೈಸೀನ್ ಎಂಬ ಅಮೈನೋ ಆಮ್ಲದ ಪಾರ್ಶ್ವದಲ್ಲಿ ಇರುವುದು ಒಂದೇ ಜಲಜನಕ. ಹಾಗಾಗಿ ನಕ್ಷೆಯಲ್ಲಿ ಅದರ ಓಡಾಟ ಎಲ್ಲಕ್ಕಿಂತ ವಿಶಾಲ. ಕೊಲಾಜನ್ನಿನಲ್ಲಿ ಪ್ರತಿ ಮೂರನೆಯದೂ ಗ್ಲೈಸೀನೇ, ಏಕೆಂದರೆ ಹುರಿಯ ಒಳಗೆ ಅದಕ್ಕಿಂತ ದೊಡ್ಡದಕ್ಕೆ ಜಾಗವಿಲ್ಲ. ವಂಶವಾಹಿಯ ದೋಷದಿಂದ ಆ ಜಾಗಕ್ಕೆ ಬೇರೊಂದು ಬಂದು ಕೂತರೆ ಮೂಳೆಗಳು ಸಣ್ಣ ಪೆಟ್ಟಿಗೂ ಮುರಿಯುವ ಕಾಯಿಲೆ ಬರಬಹುದು.

ರಾಮಚಂದ್ರನ್ 1971ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಆಣ್ವಿಕ ಜೀವಭೌತಶಾಸ್ತ್ರ ವಿಭಾಗ ಕಟ್ಟಿದರು. ಇವತ್ತಿಗೂ ಪ್ರೋಟೀನೊಂದರ ಹೊಸ ರಚನೆ ಬಿಡಿಸಿದವರು ಅದನ್ನು ರಾಮಚಂದ್ರನ್ ನಕ್ಷೆಯ ಮೇಲಿಟ್ಟು ಪರೀಕ್ಷಿಸುತ್ತಾರೆ. ಒಂದೊಂದು ಅಮೈನೋ ಆಮ್ಲಕ್ಕೂ ಒಂದೊಂದು ಚುಕ್ಕೆ; ನಿಷಿದ್ಧ ಪ್ರದೇಶದಲ್ಲಿ ಚುಕ್ಕೆಗಳು ಹೆಚ್ಚಾಗಿ ಬಿದ್ದರೆ, ಮೊದಲ ಅನುಮಾನ ಬಿಡಿಸಿದವರ ಕೆಲಸದ ಮೇಲೆಯೇ.