ಬೀಸುಕಲ್ಲಿನ ಶ್ರುತಿ

ಹುಬ್ಬಳ್ಳಿಯನ್ನು ಹಿಂದಿಟ್ಟು ಹಾವೇರಿಯ ದಿಕ್ಕಿಗೆ ಹೆದ್ದಾರಿಯಲ್ಲಿ ಸಾಗುವವರಿಗೆ, ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯ ಬಳಿ, ಹಳ್ಳಿಯ ಬಾಳನ್ನು ಮರೆವಿನಿಂದ ಉಳಿಸಬೇಕೆಂಬ ಒಂದೇ ಸಂಕಲ್ಪದಿಂದ ಹುಟ್ಟಿದ ಎರಡು ತಾಣಗಳು ಎದುರಾಗುತ್ತವೆ: ಒಂದು, ಚಿತ್ರಕಲಾವಿದರಾಗಿದ್ದ ಟಿ. ಬಿ. ಸೊಲಬಕ್ಕನವರ ಕಲ್ಪನೆಯಿಂದ ಮೈದಳೆದ ಉತ್ಸವ ರಾಕ್ ಗಾರ್ಡನ್; ಮತ್ತೊಂದು, 2011ರಲ್ಲಿ ಸ್ಥಾಪಿತವಾಗಿ ಜಾನಪದದ ಅಧ್ಯಯನಕ್ಕೆಂದೇ ಮೀಸಲಾದ ಕರ್ನಾಟಕ ಜಾನಪದ ವಿಶ್ವವಿದ್ಯಾಲಯ. ಮೊದಲನೆಯದರಲ್ಲಿ ಉತ್ತರ ಕರ್ನಾಟಕದ ಒಕ್ಕಲುತನ, ಕಸುಬು, ಮನೆವಾರ್ತೆಗಳೆಲ್ಲವೂ ಆಳೆತ್ತರದ ಶಿಲ್ಪಗಳಾಗಿ ನಿಂತಿವೆ. ಎತ್ತಿನ ಬೆನ್ನಿನ ಬಾಗು, ದುಡಿಯುವ ಹೆಂಗಸಿನ ಸೆರಗಿನ ನೆರಿಗೆ, ಎಲ್ಲವನ್ನೂ ಕಣ್ಣು ಗುರುತಿಸುತ್ತದೆ. ಆದರೆ ಆ ಎತ್ತಿನ ಕೊರಳ ಗಂಟೆಯನ್ನು ಕೇಳಿಸುವುದು ಶಿಲ್ಪದ ಧರ್ಮವಲ್ಲ. ಆ ಕಾರ್ಯವನ್ನು ಕೈಗೊಳ್ಳಬಲ್ಲ ಕಲೆಯೊಂದು ಬೇರೆಯೇ ಇದೆ. ನಮ್ಮ ನಾಡಿನಲ್ಲಿ ಅದಕ್ಕೆ ಸಲ್ಲಬೇಕಾದಷ್ಟು ಆದರ ಇನ್ನೂ ಸಂದಿಲ್ಲವೆಂಬುದು ನನ್ನ ಭಾವನೆ.

ಲೋಕವ್ಯಾಪಾರದಲ್ಲಿ ತಾವಾಗಿಯೇ ಹುಟ್ಟುವ ಸದ್ದುಗಳನ್ನು, ಎಂದರೆ ಮಳೆಯ, ಸಂತೆಯ, ಯಂತ್ರದ, ಹಕ್ಕಿಯ ದನಿಗಳನ್ನು, ಅವು ಹುಟ್ಟಿದ ಎಡೆಗೇ ಹೋಗಿ ಮುದ್ರಿಸಿಕೊಂಡು ಬಂದು, ಅವನ್ನೇ ಕತ್ತರಿಸಿ, ಹೊಂದಿಸಿ, ಮರಳಿ ಮರಳಿ ನುಡಿಸಿ ಹಾಡು ಕಟ್ಟುವ ಸಂಗೀತಗಾರರು ಇಂದು ಹಲವು ದೇಶಗಳಲ್ಲಿ ಇದ್ದಾರೆ. 1944ರಲ್ಲಿ ಈಜಿಪ್ಟಿನ ಹಲೀಮ್ ಎಲ್-ದಬ್ ಎಂಬ ತರುಣನು ರೇಡಿಯೊ ಕೇಂದ್ರದಿಂದ ಎರವಲು ತಂದ, ಲೋಹದ ತಂತಿಯ ಮೇಲೆ ದನಿಯನ್ನು ಹಿಡಿಯುವ ಯಂತ್ರದಲ್ಲಿ, ಕೈರೋ ನಗರದ ಸ್ತ್ರೀಯರು ನಡೆಸುವ ‘ಜಾರ್’ ಎಂಬ ಭೂತೋಚ್ಚಾಟನೆಯ ಗಾನವನ್ನು ಮುದ್ರಿಸಿ, ಅನಂತರ ಕೇಂದ್ರದ ಪ್ರತಿಧ್ವನಿಯ ಕೋಣೆಯಲ್ಲಿ ಅದರ ರೂಪವನ್ನೇ ಮಾರ್ಪಡಿಸಿದನು. ನಾಲ್ಕು ವರ್ಷಗಳ ತರುವಾಯ ಪ್ಯಾರಿಸ್ಸಿನ ರೇಡಿಯೊ ಎಂಜಿನಿಯರ್ ಪಿಯೆರ್ ಷೆಫೆರ್, ಬಾತಿನ್ಯೋಲ್ ನಿಲ್ದಾಣದ ಉಗಿಬಂಡಿಗಳ ಉಸಿರು, ಸಿಳ್ಳು, ಗಾಲಿಗಳ ತಾಳಗಳನ್ನು ತಟ್ಟೆಗಳಲ್ಲಿ ಕೊರೆಸಿ ರಚಿಸಿದ ಕೃತಿಯು 1948ರ ಅಕ್ಟೋಬರ್ 5ರಂದು ಬಾನುಲಿಯಲ್ಲಿ ಬಿತ್ತರವಾಯಿತು. ಷೆಫೆರನು ಕಂಡುಕೊಂಡ ಎರಡು ಸಂಗತಿಗಳು ಈ ಕಲೆಗೆ ಇಂದಿಗೂ ಅಡಿಗಲ್ಲಾಗಿವೆ. ತಟ್ಟೆಯ ಗೀರು ಒಳಕ್ಕೆ ಸರಿಯದೆ ತನ್ನಲ್ಲಿಯೇ ಮುಚ್ಚಿಕೊಂಡರೆ ಒಂದೇ ಸದ್ದು ಸುತ್ತಿ ಸುತ್ತಿ ಬರುವುದಷ್ಟೆ. ಹಾಗೆ ಸುತ್ತಿದ ಸದ್ದು ಕೆಲವು ಆವರ್ತನಗಳಲ್ಲಿಯೇ ತನ್ನ ಮೂಲವನ್ನು ಮರೆಸಿ ಲಯವಾಗಿ ಕೇಳಿಸತೊಡಗುತ್ತದೆ. ಇನ್ನು, ಗಂಟೆಯ ನಾದದಿಂದ ಮೊದಲ ಪೆಟ್ಟನ್ನು ಕತ್ತರಿಸಿ ಅನುರಣನವನ್ನು ಮಾತ್ರ ಉಳಿಸಿದರೆ, ಅದು ಗಂಟೆಯೆಂದು ಯಾರೂ ಗುರುತಿಸಲಾರರು.

ಇಷ್ಟನ್ನು ಕೇಳಿ, ಇದು ಪರದೇಶದ ಕೌತುಕವೆಂದು ನಮ್ಮ ಓದುಗರು ಬದಿಗಿರಿಸಬಾರದು. ಕಸುಬಿನ ಸದ್ದನ್ನೇ ಪಕ್ಕವಾದ್ಯ ಮಾಡಿಕೊಂಡು ಹಾಡುವ ಪರಂಪರೆ ಶಿಗ್ಗಾವಿ, ಹಾನಗಲ್ಲು, ಸವಣೂರುಗಳ ಸೀಮೆಯಲ್ಲಿ ಎಷ್ಟು ಹಿಂದಿನದೆಂದು ಹೇಳುವುದೇ ಕಷ್ಟ. ಸುಗ್ಗಿಯ ಇರುಳಿನಲ್ಲಿ ಕಣದ ನಡುವೆ ಮೇಟಿಯನ್ನು ನೆಟ್ಟು, ಅದರ ಸುತ್ತ ಎತ್ತುಗಳನ್ನು ಸಾಲಾಗಿ ಕಟ್ಟಿ ತೆನೆಯನ್ನು ತುಳಿಸುವ ಹಂತಿಯಲ್ಲಿ, ಹಾಡುಗಾರನ ದೀರ್ಘವಾದ ಎಳೆತಕ್ಕೆ ಗೊರಸಿನ ಸಪ್ಪಳ, ತೆನೆಯ ಚರಚರ, ಕೊರಳ ಗಂಟೆಯ ನಿನಾದಗಳು ಕೂಡಿಯೇ ಹಾಡು ಪೂರ್ಣವಾಗುತ್ತಿತ್ತು. ಬೀಸುವ ಪದದಲ್ಲಿಯೂ ಹೀಗೆಯೆ: ಕಲ್ಲಿನ ಒಂದು ಸುತ್ತು ಒಂದು ಆವರ್ತ, ಅದರ ಮೊರೆತವೇ ಶ್ರುತಿ, ಹಿಡಿ ಜೋಳವನ್ನು ಕಲ್ಲಿನ ಬಾಯಿಗೆ ಹಾಕುವ ಕ್ಷಣವೇ ಉಸಿರಿನ ವಿರಾಮ. ಹಲಸಂಗಿಯ ಗೆಳೆಯರು 1931ರಲ್ಲಿ ‘ಗರತಿಯ ಹಾಡು’ ಸಂಕಲನವನ್ನು ಹೊರತಂದು ತಾಯಂದಿರ ಸಾಹಿತ್ಯವನ್ನು ಉಳಿಸಿಕೊಟ್ಟರು; ಆ ಉಪಕಾರಕ್ಕೆ ಕನ್ನಡವು ಎಂದಿಗೂ ಋಣಿ. ಆದರೆ ಅಚ್ಚಿನ ಪುಟವು ನುಡಿಯನ್ನಲ್ಲದೆ ಕಲ್ಲಿನ ಮೊರೆತವನ್ನು ಹೊರಲಾರದು. ರಾಶಿ ಮಾಡುವ ಯಂತ್ರವೂ ಹಿಟ್ಟಿನ ಗಿರಣಿಯೂ ಬಂದ ಮೇಲೆ ಆ ಮೊರೆತವನ್ನು ಬಲ್ಲ ಕಿವಿಗಳೇ ವಿರಳವಾಗುತ್ತಿವೆ.

ಕನ್ನಡಿಗರಲ್ಲಿ ಈ ಬಗೆಯ ಸದ್ದುಗಳಿಗೆ ಸಂಗೀತದ ಸ್ಥಾನವನ್ನು ಧೈರ್ಯದಿಂದ ಕೊಟ್ಟವರು ಬಿ. ವಿ. ಕಾರಂತರು. ಬಂಟ್ವಾಳ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಹುಟ್ಟಿ, ಬಾಲ್ಯದಲ್ಲಿಯೇ ಗುಬ್ಬಿ ವೀರಣ್ಣನವರ ಕಂಪನಿಯನ್ನು ಸೇರಿ, ಕಾಶಿಯಲ್ಲಿ ಪಂಡಿತ ಓಂಕಾರನಾಥ ಠಾಕೂರರ ಬಳಿ ಹಿಂದುಸ್ತಾನಿ ಗಾಯನವನ್ನು ಅಭ್ಯಸಿಸಿ, ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಕಲಿತು ಮುಂದೆ ಅದರ ನಿರ್ದೇಶಕರೂ ಆದ ಈ ಮಹನೀಯರಿಗೆ, ಶಾಸ್ತ್ರದ ಮಾರ್ಗವಾಗಲಿ ಕಂಪನಿಯ ಹಾರ್ಮೋನಿಯಮ್ಮಿನ ಮಾರ್ಗವಾಗಲಿ ಅಪರಿಚಿತವಾಗಿರಲಿಲ್ಲ. ಎರಡನ್ನೂ ಬಲ್ಲವರಾಗಿಯೇ ಅವರು ಕಲ್ಲಿಗೆ ಕಲ್ಲನ್ನು ಉಜ್ಜಿಸಿದರು. ಕರಟ, ಬಿದಿರು, ತಗಡು, ಕಾಗದ, ಕೈಗೆ ದೊರೆತ ಸಮಸ್ತವನ್ನೂ ರಂಗಸಂಗೀತದ ಸಾಮಗ್ರಿಯನ್ನಾಗಿ ಮಾಡಿಕೊಂಡರು. ಅವರ ನಾಟಕಗಳಲ್ಲಿ ಸದ್ದು ದೃಶ್ಯಕ್ಕೆ ತೊಡಿಸಿದ ಒಡವೆಯಾಗಿರದೆ, ಪಾತ್ರಗಳ ಜೊತೆಗೆ ತಾನೂ ನಟಿಸುತ್ತಿತ್ತು. ಅವರದು ರಂಗದ ಮೇಲೆ ಜೀವಂತವಾಗಿ ಹುಟ್ಟಿಸಿದ ಸದ್ದೇ ಹೊರತು ಯಂತ್ರದಲ್ಲಿ ಹಿಡಿದು ತಂದ ಸದ್ದಲ್ಲವೆಂಬ ವ್ಯತ್ಯಾಸವನ್ನು ಇಲ್ಲಿ ಹೇಳಲೇಬೇಕು. ಆದರೂ ಕಿವಿಯ ಸಂಸ್ಕಾರ ಒಂದೇ. ಅವರ 1975ರ ‘ಚೋಮನ ದುಡಿ’ ಚಿತ್ರವನ್ನು ನೋಡಿದವರಿಗೆ, ಮಾತಿನಲ್ಲಿ ಹೊರಬರಲಾರದ ಚೋಮನ ಸಂಕಟವೆಲ್ಲವೂ ದುಡಿಯ ಬಡಿತದಲ್ಲಿ ಹೇಗೆ ಹೊಮ್ಮಿತೆಂಬುದು ನೆನಪಿರಬಹುದು. 1976ರ ‘ಋಷ್ಯಶೃಂಗ’, 1977ರ ‘ಘಟಶ್ರಾದ್ಧ’ ಚಿತ್ರಗಳ ಸಂಗೀತಕ್ಕಾಗಿ ಅವರಿಗೆ ರಾಷ್ಟ್ರಪ್ರಶಸ್ತಿ ಸಂದಿತು. ಕಾರಂತರ ಬಳಿಕ ಕನ್ನಡ ನಾಡಿನ ಸದ್ದುಗಳು ಧ್ವನಿಕಲಾವಿದರನ್ನು ಆಕರ್ಷಿಸಿಲ್ಲವೆಂದಲ್ಲ: ಬುದ್ಧಾದಿತ್ಯ ಚಟ್ಟೋಪಾಧ್ಯಾಯರು ಬೆಂಗಳೂರಿನಲ್ಲಿ ಮಾಡಿಕೊಂಡ ಮುದ್ರಣಗಳಿಂದ ಆ ನಗರಕ್ಕೊಂದು ಶೋಕಗೀತವನ್ನೇ ರಚಿಸಿ 2013ರಲ್ಲಿ ಪ್ರಕಟಿಸಿದರು.

ಇನ್ನು ಈ ಕೆಲಸದ ಕ್ರಮವನ್ನು ತುಸು ನೋಡೋಣ. ಶಿಗ್ಗಾವಿಯ ಕಡೆಯ ಹಳ್ಳಿಯೊಂದರ ಕುಲುಮೆಯನ್ನು ಮುದ್ರಿಸಹೊರಟವನು ಮೊದಲು ಮಾಡಬೇಕಾದುದು ಸುಮ್ಮನೆ ಕುಳಿತು ಕೇಳುವುದು. ಮೈಕನ್ನು ಅಡಿಗಲ್ಲಿನ ಸಮೀಪಕ್ಕೆ ಒಯ್ದರೆ ಸುತ್ತಿಗೆಯ ಪೆಟ್ಟು ಮಾತ್ರ ದೊರೆಯುತ್ತದೆ. ಬಾಗಿಲಾಚೆಗೆ ಸರಿದರೆ ತಿದಿಯ ಉಸಿರು, ಕಾಯ್ದ ಕಬ್ಬಿಣವು ನೀರಿಗಿಳಿದ ಚುಂಯ್‌ಕಾರ, ಕಾದು ಕುಳಿತ ರೈತರ ಮಾತು, ಇವೆಲ್ಲ ಒಂದಾಗಿ ಬರುತ್ತವೆ. ಬಯಲುಸೀಮೆಯ ಗಾಳಿ ಮೈಕಿನ ಪರಮಶತ್ರು. ಅದಕ್ಕೆ ಸ್ಪಂಜಿನದೋ ತುಪ್ಪುಳದ್ದೋ ಹೊದಿಕೆ ಬೇಕು. ಹೆದ್ದಾರಿಯ ಮೊರೆತ ತಗ್ಗುವುದು ನಸುಕಿನಲ್ಲಿ. ಬಂಕಾಪುರದ ಹಳೆಯ ಕೋಟೆಯೊಳಗಿನ ನವಿಲುಧಾಮದ ಕೇಕೆಯನ್ನು ಹಿಡಿಯುವುದಕ್ಕೂ ಅದೇ ಸುಮುಹೂರ್ತ. ಮನೆಗೆ ಬಂದ ಮೇಲೆ ಕಂಪ್ಯೂಟರಿನಲ್ಲಿ ಬೀಸುಕಲ್ಲಿನ ಒಂದು ಪೂರ್ಣ ಸುತ್ತನ್ನು ಆಯ್ದು ಪುನರಾವರ್ತಿಸಿದರೆ ತಾಳ ಸಿದ್ಧವಾಯಿತು. ಗಂಟೆಯ ಮುದ್ರಣವನ್ನು ಅರ್ಧ ವೇಗಕ್ಕೆ ಇಳಿಸಿದರೆ ನಾದವು ಒಂದು ಸ್ಥಾಯಿಯಷ್ಟು ಕೆಳಗಿಳಿದು, ಎತ್ತಿನ ಕೊರಳಿನದು ಗುಡಿಯ ಗಂಟೆಯ ಗಾಂಭೀರ್ಯವನ್ನು ಪಡೆಯುತ್ತದೆ. ತಾಂತ್ರಿಕ ಸಾಧನವೆಲ್ಲ ಇಂದು ಮೊಬೈಲಿನಲ್ಲಿಯೇ ಅಡಗಿದೆ. ಯಾವ ಸದ್ದನ್ನು ಬದಲಿಸಬೇಕು, ಯಾವುದನ್ನು ಮುಟ್ಟದೆ ಬಿಡಬೇಕು ಎಂಬ ವಿವೇಕದಲ್ಲಿಯೇ ಸಂಗೀತಗಾರನ ಪರೀಕ್ಷೆ.

ಆದರೆ ಈ ಕಲೆಗೆ ಒಂದು ಪಾಪಭಯವೂ ಇರಬೇಕು. 1970ರಲ್ಲಿ ಹ್ಯೂಗೋ ಜೆಂಪ್ ಎಂಬ ವಿದ್ವಾಂಸನು ಸಾಲೊಮನ್ ದ್ವೀಪಗಳಲ್ಲಿ ಅಫುನಕ್ವಾ ಎಂಬ ಹೆಂಗಸು ಹಾಡಿದ ಜೋಗುಳವೊಂದನ್ನು ಅಧ್ಯಯನಕ್ಕಾಗಿ ಮುದ್ರಿಸಿಕೊಂಡನು. 1992ರಲ್ಲಿ ‘ಡೀಪ್ ಫಾರೆಸ್ಟ್’ ಎಂಬ ಫ್ರೆಂಚ್ ತಂಡವು ಆ ದನಿಯನ್ನೇ ತನ್ನ ಗೀತೆಯೊಂದರಲ್ಲಿ ಬಳಸಿ ಜಗತ್ಪ್ರಸಿದ್ಧಿಯನ್ನೂ ಹಣವನ್ನೂ ಗಳಿಸಿತು. ಮುದ್ರಿಸಿದ ಜೆಂಪನೇ ಇದನ್ನು ಬಹಿರಂಗವಾಗಿ ಪ್ರತಿಭಟಿಸಬೇಕಾಯಿತು. ತಾಯೊಬ್ಬಳ ಜೋಗುಳವನ್ನು ಹೀಗೆ ಒಯ್ಯುವುದನ್ನು ಕಲೆಯೆಂದು ಕರೆಯಲು ನನಗೆ ಮನಸ್ಸೊಪ್ಪದು. ಹಾಡಿದವರ ಅನುಮತಿ, ಅವರ ಹೆಸರು, ಬಂದ ಲಾಭದಲ್ಲಿ ಅವರ ಪಾಲು, ಈ ಮೂರೂ ಇಲ್ಲದ ಮುದ್ರಣವು ಎಷ್ಟೇ ಇಂಪಾಗಿದ್ದರೂ ಕಳವಿನ ಸೊತ್ತೇ ಸರಿ.

ಸರಿಯಾಗಿ ಕಾಪಾಡಿದ ಮುದ್ರಣವಾದರೋ ಊರಿಗೇ ಮರಳಬಲ್ಲದು. ಡಚ್ ವಿದ್ವಾಂಸ ಆರ್ನಾಲ್ಡ್ ಬಾಕೆ 1938ರಲ್ಲಿ ದಕ್ಷಿಣ ಭಾರತದಲ್ಲಿ ಹಿಡಿದ ಹಾಡುಗಳ ಪ್ರತಿಗಳನ್ನು ಹೊತ್ತು ನಜೀರ್ ಜೈರಾಜ್‌ಭಾಯ್ ಮತ್ತು ಏಮಿ ಕ್ಯಾಟ್ಲಿನ್ ಅವರು 1984ರಲ್ಲಿ ತಮಿಳುನಾಡು, ಕೇರಳ, ಕರ್ನಾಟಕಗಳಲ್ಲಿ ಸಂಚರಿಸಿ, ಆ ಕಲೆಗಳಲ್ಲಿ ಉಳಿದುದೆಷ್ಟು, ಅಳಿದುದೆಷ್ಟು ಎಂದು ಪರಿಶೀಲಿಸಿದರು. ಇಂಥ ತುಲನೆ ಸಾಧ್ಯವಾದುದು ಅದಕ್ಕೆ ನಾಲ್ವತ್ತಾರು ವರ್ಷಗಳ ಹಿಂದೆ ಒಬ್ಬನು ಯಂತ್ರವನ್ನು ಹೊತ್ತು ತಿರುಗಿದ್ದರಿಂದ.

ಆದುದರಿಂದ ಹಾವೇರಿ ಸೀಮೆಯ ತರುಣ ಸಂಗೀತಗಾರರಲ್ಲಿ ನನ್ನದೊಂದು ವಿಜ್ಞಾಪನೆ. ನಿಮ್ಮ ಮನೆಯ ಅಟ್ಟದ ಮೇಲೆಯೋ ಹಿತ್ತಿಲಿನಲ್ಲಿಯೋ ಬೀಸುಕಲ್ಲೊಂದು ಇನ್ನೂ ಇದ್ದರೆ, ಅದನ್ನು ಇಳಿಸಿ, ತೊಳೆದು, ಬೀಸಲು ಬಲ್ಲ ಅಜ್ಜಿಯ ಮುಂದಿರಿಸಿ, ಆಕೆಯ ಒಪ್ಪಿಗೆಯನ್ನು ಪಡೆದು, ಒಂದು ಸೇರು ಜೋಳ ಮುಗಿಯುವವರೆಗೆ ಮುದ್ರಿಸಿಕೊಳ್ಳಿರಿ. ಆಕೆಯ ಹೆಸರನ್ನೂ ಊರನ್ನೂ ತೇದಿಯನ್ನೂ ಅದರಲ್ಲಿಯೇ ಹೇಳಿಸಿರಿ. ಅದರಿಂದ ನಿಮಗೆ ತೋಚಿದ ಹಾಡನ್ನು ಕಟ್ಟಿರಿ; ಕತ್ತರಿಸದ ಮೂಲಪ್ರತಿಯೊಂದನ್ನು ಮಾತ್ರ ಗೊಟಗೋಡಿಯ ವಿಶ್ವವಿದ್ಯಾಲಯಕ್ಕೆ ತಲುಪಿಸಿರಿ.