ಕೊಳಗದ ಕೆಳಗಣ ದೀಪ

ನಾವು ಅಧ್ಯಾಪಕವೃತ್ತಿಯಿಂದ ನಿವೃತ್ತರಾದ ದಿನ, ಹಾರತುರಾಯಿಗಳ ಗದ್ದಲವೆಲ್ಲ ಮುಗಿದ ಮೇಲೆ, ವಿದ್ಯಾರ್ಥಿಯೊಬ್ಬನ ತಂದೆಯವರು ಸಮೀಪಕ್ಕೆ ಬಂದು, “ಮಾಸ್ತರ, ನೀವು ಕ್ರಿಶ್ಚಿಯನ್ನರಂತಲ್ರೀ! ಇಷ್ಟು ವರ್ಷ ನಮಗ ಗೊತ್ತಽ ಆಗಿರಲಿಲ್ಲ ನೋಡ್ರಿ” ಎಂದರು. ನೆರೆದವರು ನಕ್ಕರು, ನಾವೂ ನಕ್ಕೆವು. ನಮ್ಮದು ಅಚ್ಚ ದೇಶೀಯವಾದ ಹೆಸರು, ಕಲಿಸಿದ್ದು ಸಂಸ್ಕೃತ. ಆ ಸಜ್ಜನರು ಮೆಚ್ಚುಗೆಯಿಂದಲೇ ಆ ಮಾತನ್ನಾಡಿದ್ದರು. ಆದರೆ ಅದು ಮೆಚ್ಚುಗೆಯೋ, ಆಕ್ಷೇಪಣೆಯೋ ಎಂಬುದು ಅಂದು ರಾತ್ರಿ ನಮಗೆ ನಿದ್ರೆಗೊಡಲಿಲ್ಲ.

ಮತ್ತಾಯನ ಸುವಾರ್ತೆಯ ಐದನೆಯ ಅಧ್ಯಾಯದಲ್ಲಿ, ಹಚ್ಚಿದ ದೀಪವನ್ನು ಕೊಳಗದ ಕೆಳಗೆ ಮುಚ್ಚಿಡಲಾಗದೆಂಬ ಉಪದೇಶವುಂಟು. ಆರನೆಯ ಅಧ್ಯಾಯಕ್ಕೆ ಬಂದರೆ, ದಾನವನ್ನೂ ಪ್ರಾರ್ಥನೆಯನ್ನೂ ಉಪವಾಸವನ್ನೂ ಜನರ ಕಣ್ಣಿಗೆ ಬೀಳದಂತೆ ಮಾಡಬೇಕೆಂಬ ಅಪ್ಪಣೆಯಿದೆ. ಎರಡೂ ಒಂದೇ ಬೆಟ್ಟದ ಮೇಲೆ ಹೇಳಿದ ಮಾತುಗಳೇ. ಹಾಗಾದರೆ ತೋರಿಸಬೇಕೋ, ಅಡಗಿಸಬೇಕೋ? ಮನುಸ್ಮೃತಿಯ ನಾಲ್ಕನೆಯ ಅಧ್ಯಾಯದಲ್ಲಿ ‘ಧರ್ಮಧ್ವಜಿ’ ಎಂಬ ಶಬ್ದವೊಂದಿದೆ. ಧರ್ಮವನ್ನು ಬಾವುಟದಂತೆ ಹಿಡಿದು ಮೆರೆಯುವ ಕಪಟಿಗೆ ಆ ಹೆಸರು. ಇಂಥವನಿಗೆ ಹೆದರಿಯೇ ನಾವು ನಮ್ಮ ಬಾಳಿನುದ್ದಕ್ಕೂ ಬಾವುಟವನ್ನು ಮಡಚಿಟ್ಟಿದ್ದೆವೆಂದು ನಮಗೆ ನಾವೇ ಹೇಳಿಕೊಳ್ಳುತ್ತಿದ್ದೆವು. ಬಾವುಟಕ್ಕೂ ದೀಪಕ್ಕೂ ಭೇದವಿದೆಯೆಂಬುದು ಪಂಡಿತರಾದ ನಮಗೆ ಹೊಳೆಯದೆ ಹೋದದ್ದು ಸೋಜಿಗವೇ ಸರಿ.

ಕಿಟ್ಟೆಲ್ ಪಂಡಿತರನ್ನು ವಾಚಕರು ಬಲ್ಲರಷ್ಟೆ. 1832ರಲ್ಲಿ ಜರ್ಮನಿಯಲ್ಲಿ ಹುಟ್ಟಿ, 1853ರಲ್ಲಿ ಬಾಸೆಲ್ ಮಿಶನ್ನಿನವರಾಗಿ ಈ ನಾಡಿಗೆ ಬಂದವರು. 1862ರಲ್ಲಿ ಅವರು ಕ್ರಿಸ್ತನ ಚರಿತೆಯನ್ನು ಕನ್ನಡದ ಛಂದಸ್ಸಿಗೆ ಇಳಿಸಿ ‘ಕಥಾಮಾಲೆ’ಯನ್ನು ಪ್ರಕಟಿಸಿದರು. ಮುಂದೆ ಜೈನಕವಿ ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನೂ, ನಾಗವರ್ಮನ ‘ಛಂದೋಂಬುಧಿ’ಯನ್ನೂ ಅಷ್ಟೇ ಶ್ರದ್ಧೆಯಿಂದ ಶೋಧಿಸಿ ಅಚ್ಚುಹಾಕಿಸಿದರು. 1894ರಲ್ಲಿ ಮಂಗಳೂರಿನಲ್ಲಿ ಹೊರಬಿದ್ದ ಅವರ ಮಹಾಕೋಶಕ್ಕೆ 1,700ಕ್ಕೂ ಮಿಕ್ಕ ಪುಟಗಳು. ಹಳ್ಳಿಗರ ಬಾಯಲ್ಲಿದ್ದ ಗಾದೆಗಳೂ ಅದರಲ್ಲಿ ಶಬ್ದಾರ್ಥಕ್ಕೆ ಸಾಕ್ಷಿಯಾಗಿ ನಿಂತಿವೆ. ಕ್ರಿಸ್ತನ ಹೆಸರನ್ನು ನೇರವಾಗಿ ಹೇಳುವ ‘ಕಥಾಮಾಲೆ’ಯನ್ನು ಇಂದು ಓದುವವರು ವಿರಳ, ಆ ಹೆಸರನ್ನು ಸಾರಲು ಹೊರಡದ ಕೋಶವನ್ನು ತೆರೆಯದ ಕನ್ನಡ ವಿದ್ವಾಂಸರೂ ವಿರಳ. ಪರರ ನುಡಿಯನ್ನು ತನ್ನದೆಂಬಂತೆ ದಶಕಗಳ ಕಾಲ ಸೇವಿಸಿದ ಆ ಪುರುಷನ ಭಕ್ತಿಯು ಎಲ್ಲಿ ಹೆಚ್ಚಾಗಿ ಕಾಣುತ್ತದೆಂದು ಕೇಳಿದರೆ, ನಾವು ಕೋಶದ ಕಡೆಗೇ ಬೆರಳು ತೋರಿಸುವೆವು. ಇದನ್ನು ಒಪ್ಪದವರೂ ನಮ್ಮ ಸಭೆಯಲ್ಲಿದ್ದಾರೆ.

ಆದರೆ ಅಕ್ಷರ ಬಲ್ಲವರ ಮಾತು ಹಾಗಿರಲಿ. ನಮ್ಮ ತಾಯಿಯವರಿಗೆ ಓದು ಬಾರದು. ಧಾರವಾಡದಲ್ಲಿ ಎರಡು ಎಮ್ಮೆಗಳನ್ನು ಕಟ್ಟಿಕೊಂಡು ಏಳು ಮನೆಗಳಿಗೆ ಹಾಲಿನ ವರ್ತನೆ ಹಾಕುತ್ತಿದ್ದರು. 1974ನೆಯ ಇಸವಿ; ನಮಗಾಗ ಒಂಬತ್ತು ವರುಷ. ಒಂದು ಬೆಳಗ್ಗೆ ಹಾಲಿನ ಚರಿಗೆಯು ನಮ್ಮ ಕೈಜಾರಿ ಕಾಲುಭಾಗ ಚೆಲ್ಲಿತು. ಪೆಟ್ಟಿನ ಭಯದಿಂದ ಬೀದಿಯ ನಲ್ಲಿಯ ನೀರನ್ನು ತುಂಬಿ ಸರಿಮಾಡಿದೆವು. ಸಂಜೆಗೆ ಒಬ್ಬರು, “ಇವತ್ತ ಹಾಲು ತೆಳ್ಳಗಿತ್ತಲ್ಲವಾ” ಎಂದರು. ತಾಯಿಯವರು ನಮ್ಮ ಮುಖವನ್ನೊಮ್ಮೆ ನೋಡಿದರು, ಅಷ್ಟೆ. ಕೈಹಿಡಿದು ಏಳು ಮನೆಗಳಿಗೂ ಕರೆದೊಯ್ದರು. ಪ್ರತಿ ಬಾಗಿಲಲ್ಲಿಯೂ ತಪ್ಪನ್ನು ನಾವೇ ಹೇಳಬೇಕು. ಆ ದಿನದ ಹಾಲಿನ ಹಣವನ್ನು ಅವರು ಹಿಂದಿರುಗಿಸುವರು. ಕೊನೆಯದು ಮಡಿಯ ಅಜ್ಜಿಯೊಬ್ಬರ ಮನೆ. ಹಣವನ್ನು ಕಟ್ಟೆಯ ಮೇಲಿರಿಸಿ ದೂರ ನಿಂತೆವು. “ಹುಡುಗನ್ನ ಬಡೀಬ್ಯಾಡ, ರೊಕ್ಕ ಯಾಕ ತಂದಿ? ಯಾರು ಕೇಳಿದ್ರು?” ಎಂದರು ಅಜ್ಜಿ. “ನನ್ನ ದೇವರು ಕೇಳ್ತಾನ್ರೀ ಅಮ್ಮಾ” ಎಂದು ತಾಯಿಯವರು ಉತ್ತರವಿತ್ತರು. ಅವರು ಬೀದಿಯಲ್ಲಿ ನಿಂತು ದೇವರ ಹೆಸರೆತ್ತಿದ್ದನ್ನು ನಾವು ಕೇಳಿದ್ದು ಅದೊಂದೇ ಸಲ.

ಆ ಅಜ್ಜಿಯವರು ನಮ್ಮ ಮನೆಯ ನೀರನ್ನು ಎಂದೂ ಮುಟ್ಟಿದವರಲ್ಲ. ಮರುವರುಷ ಕಾಶಿಗೆ ಹೊರಟಾಗ, ಬಂಧುಗಳು ಹಲವರಿದ್ದರೂ, ಮನೆಯ ಕೀಲಿಕೈಯನ್ನು ನಮ್ಮ ತಾಯಿಯವರಲ್ಲಿ ಬಿಟ್ಟುಹೋದರು.

ಇಂಥ ಮನೆಯಲ್ಲಿ ಬೆಳೆದ ನಾವು 1998ರಲ್ಲಿ ಮಾಡಿದ್ದೇನು? ಪರೀಕ್ಷೆಗೆ ಕೂಡಲು ಹಾಜರಿ ಸಾಲದ ಹುಡುಗರಿಬ್ಬರು ನಮ್ಮ ತರಗತಿಯಲ್ಲಿದ್ದರು. ಒಬ್ಬನು ಊರಿನ ಗಣ್ಯರ ಮಗ. ಇನ್ನೊಬ್ಬನ ತಂದೆ ಹಮಾಲಿ. ಮೇಲಿನವರ ಸೂಚನೆಯಂತೆ ಮೊದಲನೆಯವನ ಹಾಜರಿಯನ್ನು ತುಂಬಿಸಲಾಯಿತು, ಎರಡನೆಯವನನ್ನು ತಡೆಯಲಾಯಿತು. ಎರಡು ಹಾಳೆಗಳಿಗೂ ರುಜು ಹಾಕಿದವರು ನಾವೇ. ಶಾಲೆಯ ಶಾಂತಿಗೆ ಭಂಗ ಬಾರದಿರಲೆಂದು ಆಗ ಸಮಾಧಾನ ಹೇಳಿಕೊಂಡೆವು. ಆ ಹುಡುಗ ಮರುವರುಷ ಶಾಲೆಗೆ ಬರಲಿಲ್ಲ.

ಕ್ರಿಸ್ತಜಯಂತಿಯಂದು ನಮ್ಮ ಮನೆಯ ಮುಂದೆ ನಕ್ಷತ್ರದೀಪ ತೂಗುತ್ತಿತ್ತು. ನೆರೆಹೊರೆಗೆ ಕರಿಗಡಬು ಹೋಗುತ್ತಿತ್ತು. ನಾವು ಯಾರೆಂದು ನಮ್ಮ ಓಣಿಯವರಿಗೆ ಗೊತ್ತಿತ್ತು. ಶಾಲೆಯಲ್ಲಿ ಮಾತ್ರ ಯಾರಿಗೂ ತಿಳಿಯಲಿಲ್ಲವೆಂದರೆ, ಆ ತಂದೆಯವರನ್ನು ಹಳಿಯುವಂತಿಲ್ಲ. ಆ ಎರಡು ಹಾಳೆಗಳ ಸಂಗತಿಯನ್ನು ನಾವು ಇಂದಿನವರೆಗೆ ನಮ್ಮ ಮನೆಯವರಿಗೂ ಹೇಳಿರಲಿಲ್ಲ. ಹಮಾಲಿಯ ಮಗನು ಈಗ ಹುಬ್ಬಳ್ಳಿಯಲ್ಲಿರುವನೆಂದು ಕೇಳಿದ್ದೇವೆ. ಬರುವ ವಾರ ಹೋಗಿ ಅವನನ್ನು ಕಾಣಬೇಕೆಂದಿದ್ದೇವೆ.